ಸೂಜಿಯ ಸಕಾರ

ಜೂನ್ ೭, ಸೋಮವಾರ

ಈ ಊರಿಗೆ ಬಂದು ತಿಂಗಳಾಯಿತು. ಇವತ್ತು ಕ್ಲಿನಿಕ್ಕಿನಲ್ಲಿ ನಾನು ಆಡಿದ ಮಾತುಗಳು: ‘ಸರಿ ಡಾಕ್ಟ್ರೇ’, ‘ನಾಳೆ ಕೊಡ್ತೀನಿ’, ‘ಬೇಡ, ಕಾಫಿ ಆಯ್ತು’. ಮೂರರಲ್ಲೂ ಆ ಒಂದು ಅಕ್ಷರ ಇಲ್ಲ. ಇರದಂತೆ ಆರಿಸಿಕೊಂಡೇ ಆಡಿದ್ದು.

ನನ್ನ ಕೆಲಸ ಹಲ್ಲು ಕಟ್ಟುವುದು. ಡಾಕ್ಟರಮ್ಮ ರೋಗಿಯ ಬಾಯಿಯ ಅಳತೆ ತೆಗೆದು ಒಳಗೆ ಕಳಿಸುತ್ತಾರೆ. ನಾನು ಹಿಂದಿನ ಕೋಣೆಯಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ಮಾಡಿ, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಸೆಟ್ ಮಾಡಿ ಕೊಡುತ್ತೇನೆ. ಮದುವೆಗೆ ಮುಂಚಿನಿಂದಲೂ ಇದೇ ಕೆಲಸ. ಆದರೆ ಬಾಯಿ ಬಿಟ್ಟು ‘ಹಲ್ಲು’ ಎನ್ನಲು ನನಗೆ ಬರುವುದಿಲ್ಲ. ‘ಅಲ್ಲು’ ಎನ್ನುತ್ತೇನೆ. ನಾನು ಹುಟ್ಟಿ ಬೆಳೆದ ಕಡೆ ಎಲ್ಲರೂ ಹಾಗೆಯೇ. ಹಾಲು ಆಲು, ಹೂವು ಊವು, ಹೋಗು ಓಗು. ಅಲ್ಲಿ ಯಾರಿಗೂ ಏನೂ ಕಡಿಮೆಯಾಗಿದೆ ಅನಿಸಿರಲಿಲ್ಲ.

ಇಲ್ಲಿಗೆ ಬಂದ ಹೊಸತರಲ್ಲಿ ಕೌಂಟರಿನ ಹುಡುಗಿಯನ್ನು ‘ಆ ಅಲ್ಲು ಎಲ್ಲಿಟ್ರಿ?’ ಎಂದು ಕೇಳಿದೆ. ‘ಅಲ್ಲು ಅಲ್ಲೇ ಇದೆ ನೋಡಿ ಅಕ್ಕ’ ಎಂದಳು. ಸರದಿಗೆ ಕಾಯುತ್ತಿದ್ದವರೊಬ್ಬರು ಊದಿದ ದವಡೆ ಹಿಡಿದುಕೊಂಡೇ ನಕ್ಕರು. ಮಾರನೆಯ ದಿನದಿಂದ ನಾನು ‘ದಂತ’ ಎನ್ನತೊಡಗಿದೆ. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಅಲ್ಲಿಂದಾಚೆ ಬಾಯಿಗೆ ಬೀಗ.

ಅದಕ್ಕೇ ಈ ಬರೆಯುವ ಚಟ ಹಿಡಿದದ್ದು. ಕೈಗೆ ಹಕಾರ ಸಲೀಸು. ಹ, ಹಾ, ಹಿ, ಹೀ. ಕೈ ಶಾಲೆಗೆ ಹೋಗಿ ಬಂದಿದೆ, ಬಾಯಿ ಮನೆಯಲ್ಲೇ ಉಳಿದಿದೆ.

ಜೂನ್ ೧೦, ಗುರುವಾರ

ಅಂಗಡಿಯಲ್ಲಿ ತಪ್ಪಾಗಬಾರದು ಎಂದು ತುಂಬ ಹುಷಾರಾಗಿ ‘ಎರಡು ಕಿಲೋ ಹಕ್ಕಿ ಕೊಡಿ’ ಎಂದೆ. ಅಂಗಡಿಯವನು ಮುಖ ಗಂಟಿಕ್ಕಿಕೊಂಡು, ‘ಹಾರೋದಾ, ಬೇಯಿಸೋದಾ?’ ಎಂದ. ಬೇಕಾದ ಕಡೆ ಬರುವುದಿಲ್ಲ, ಬೇಡದ ಕಡೆ ಬಂದು ಕೂರುತ್ತದೆ.

ಮಗಳು ಪಕ್ಕದಲ್ಲೇ ಇದ್ದಳು. ಅವಳಿಗೆ ಒಂಬತ್ತು ವರ್ಷ. ಅವಳ ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೇ. ಇಲ್ಲಿನ ಶಾಲೆಗೆ ಸೇರಿ ವಾರ ಕಳೆಯುವುದರೊಳಗೆ ಅವಳ ಬಾಯಿಗೆ ಹಕಾರ ಹೇಗೆ ಬಂತೋ, ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ಮಲಗಿಬಿಟ್ಟಿದೆ. ಮನೆ ಮುಟ್ಟುವವರೆಗೂ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಶೂ ಬಿಚ್ಚುತ್ತ, ನನ್ನ ಮುಖ ನೋಡದೆ, ‘ಅಮ್ಮ, ಮುಂದಿನ ತಿಂಗಳು ಶಾಲೇಲಿ ಮೀಟಿಂಗ್ ಇದೆ. ನೀನು ಬಾ. ಆದ್ರೆ ಮಾತಾಡ್ಬೇಡ’ ಎಂದಳು.

‘ಆಯ್ತು’ ಎಂದೆ.

ಜೂನ್ ೧೧, ಶುಕ್ರವಾರ

ಎರಡು ಸೆಟ್ ಮುಗಿಸಿದೆ. ಮಾತಿಲ್ಲ.

ಜೂನ್ ೧೫, ಮಂಗಳವಾರ

ಹೊಲಿಗೆಯಮ್ಮನ ಸೆಟ್ ಇವತ್ತು ಕೊಟ್ಟೆವು. ಹೊಲಿಗೆ ಅಂಗಡಿ ನಡೆಸಿ ಮುದುಕಿಯಾದವರು. ಎರಡು ತಿಂಗಳ ಹಿಂದೆ, ನಾನು ಬರುವುದಕ್ಕೂ ಮುಂಚೆ, ಉಳಿದಿದ್ದ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡಿದ್ದರು. ಒಸಡು ಗಟ್ಟಿಯಾದ ಮೇಲೆ ಅಳತೆ ತೆಗೆದದ್ದು. ಹಾಕಿಕೊಂಡು ಕನ್ನಡಿ ನೋಡಿ, ಮಾಡಿದವರನ್ನು ಕರೆಯಿರಿ ಎಂದರಂತೆ. ಹೋದೆ.

‘ಊರವರ ಮೈಗೆಲ್ಲ ನಾನು ಅಳತೆ ತೊಗೊಂಡು ಹೊಲಿದೆ. ನನ್ನ ಬಾಯಿಗೆ ನೀನು ಹೊಲಿದ್ಯಲ್ಲಮ್ಮ!’

ನಾನು ತಲೆಯಾಡಿಸಿದೆ. ಅವರು ಇನ್ನೊಂದು ಸಲ ಬಾಯಿ ಅಗಲಿಸಿ, ‘ಸೂಜಿ. ಸಣ್ಣ ಸೂಜಿ’ ಎಂದು ಹೇಳಿ ನೋಡಿಕೊಂಡು ಬೆರಗಾದರು. ‘ಡಾಕ್ಟ್ರೇ, ನನ್ನ ಸ ಯಾವಾಗ್ಲೂ ಒದ್ದೆ ಬಟ್ಟೆ ಥರ ಇತ್ತು. ಚಿಕ್ಕೋಳಿದ್ದಾಗಿಂದ ಎಲ್ರೂ ಆಡ್ಕೊಳ್ಳೋರು. ಈಗ ಇಸ್ತ್ರಿ ಹಾಕಿದ ಹಾಗೆ ಬರ್ತಿದೆ!’

ನಿಜಕ್ಕೂ ಸುದ್ದಿ ಓದುವವರ ಸಕಾರದಂತೆ ಗರಿಗರಿಯಾಗಿತ್ತು. ಡಾಕ್ಟರಮ್ಮ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಅಂಥ ಮೆಚ್ಚುಗೆ ಸಿಕ್ಕಿ ಬಹಳ ದಿನವಾಗಿತ್ತು.

ಜೂನ್ ೨೧, ಸೋಮವಾರ

ಹೊಲಿಗೆಯಮ್ಮ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ನೋವಾ ಎಂದು ಡಾಕ್ಟರಮ್ಮ ಕೇಳಿದರೆ, ಇಲ್ಲ. ಒತ್ತುತ್ತದಾ ಎಂದರೆ, ಅದೂ ಇಲ್ಲ.

‘ನಮ್ಮ ಯಜಮಾನರಿಗೆ ನಾನು ಯಾರು ಅಂತ ಗೊತ್ತಾಗ್ತಿಲ್ಲ.’

ಅವರ ಗಂಡನನ್ನು ಈ ಊರಿನವರು ಕಲ್ಲು ಮೇಷ್ಟ್ರು ಎನ್ನುತ್ತಾರಂತೆ. ಹಳೆಯ ಕಲ್ಲುಗಳ ಮೇಲೆ ಕೆತ್ತಿದ ಬರಹವನ್ನು ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ತಟ್ಟಿ, ಮಸಿ ಸವರಿ ಅಚ್ಚು ತೆಗೆಯುವುದು ಅವರ ಕೆಲಸವಾಗಿತ್ತು. ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಹೋಗಿ ಹತ್ತು ವರ್ಷ. ಹೋದ ವರ್ಷದಿಂದ ನೆನಪೂ ಸೋರತೊಡಗಿದೆ. ಆದರೂ ಹೆಂಡತಿಯ ದನಿಯೊಂದನ್ನು ಹಿಡಿದುಕೊಂಡು ಸಮಾಧಾನವಾಗಿದ್ದರು. ಅವರು ಹೆಂಡತಿಯನ್ನು ಕರೆಯುವುದೇ ‘ಸೂಜಿ’ ಎಂದು. ಇವರು ಅಂಗಡಿ ಮುಚ್ಚಿ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ‘ಸೂಜಿ ಬಂತು ಕಣ್ರೀ’ ಎನ್ನುವುದು ರೂಢಿ.

‘ಹಲ್ಲು ಕೀಳಿಸಿದ ಮೇಲೆ ನನ್ನ ತಂಗಿ ಬಂದು ಜೊತೇಲಿದ್ಲು. ಆಗೆಲ್ಲ ಚೆನ್ನಾಗೇ ಇದ್ರು. ಅವಳು ವಾಪಸ್ ಹೋದ್ಲು, ನಾನು ಹೊಸ ಹಲ್ಲು ಹಾಕ್ಕೊಂಡೆ. ಸಾಯಂಕಾಲ ‘ಸೂಜಿ ಬಂತು ಕಣ್ರೀ’ ಅಂದೆ. ಎದ್ದು ನಿಂತ್ರು. ‘ತಾವು ಯಾರು?’ ಅಂದ್ರು.’

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ‘ಮದುವೆಯಾದಾಗಿಂದ ‘ಏ ಸೂಜಿ’ ಅಂದೋರು, ಡಾಕ್ಟ್ರೇ. ನನಗೆ ‘ತಾವು’ ಅಂತಾರೆ. ಕೈ ಮುಟ್ಟಿದರೆ ಎಳ್ಕೊಳ್ತಾರೆ. ‘ನನ್ನ ಹೆಂಡ್ತಿ ಥರ ಯಾಕೆ ಮಾತಾಡೋಕೆ ನೋಡ್ತೀರಿ?’ ಅಂತ ನಿನ್ನೆ ರೇಗಿದ್ರು.’

ಹಲ್ಲು ಸವೆಯುತ್ತದೆ, ಒಡೆಯುತ್ತದೆ, ಚುಚ್ಚುತ್ತದೆ. ಆ ದೂರೆಲ್ಲ ಕೇಳಿದ್ದೇನೆ. ನಾನು ಮಾಡಿದ ಹಲ್ಲು ಒಬ್ಬಳನ್ನು ಅವಳ ಮನೆಯಲ್ಲೇ ಪರಕೀಯಳನ್ನಾಗಿ ಮಾಡಿದೆ ಎಂದು ಯಾರೂ ಹೇಳಿರಲಿಲ್ಲ.

ಜೂನ್ ೨೩, ಬುಧವಾರ

ಇವತ್ತು ಕಂಡದ್ದನ್ನು ಬರೆಯದೆ ಮಲಗಲಾರೆ.

ಡಾಕ್ಟರಮ್ಮ ತಾವು ಓದುವಾಗ ಕಲಿತಿದ್ದ ಒಂದು ವಿದ್ಯೆ ತೆಗೆದರು. ಮೇಲಿನ ಸೆಟ್ಟಿನ ಒಳಮೈಗೆ, ಅಂದರೆ ನಾಲಿಗೆ ತಾಗುವ ಅಂಗುಳದ ಭಾಗಕ್ಕೆ, ಬಿಳಿ ಪುಡಿ ಉದುರಿಸಿ ಬಾಯಿಗೆ ಹಾಕಿದರು. ‘ಸ ಅನ್ನಿ, ಒಂದೇ ಸಲ. ಆಮೇಲೆ ಬಾಯಿ ಅಲ್ಲಾಡಿಸ್ಬೇಡಿ.’ ಹೊಲಿಗೆಯಮ್ಮ ಸ ಎಂದರು. ತೆಗೆದು ನೋಡಿದರೆ ನಾಲಿಗೆ ತಾಗಿದಲ್ಲೆಲ್ಲ ಪುಡಿ ಅಳಿಸಿಹೋಗಿತ್ತು. ಎರಡು ಪಕ್ಕದಲ್ಲಿ ಒದ್ದೆ ಪಟ್ಟಿ, ಮುಂದೆ ನಡುವೆ ಬಿಳಿಯ ಕಿರಿದಾದ ಒಂದು ಓಣಿ. ಆ ಓಣಿಯಲ್ಲಿ ಗಾಳಿ ನುಗ್ಗಿದ್ದೇ ಸಕಾರ.

ಸಂಜೆ ನಾನೇ ಕೇಳಿ ಉಳಿದುಕೊಂಡೆ. ತೆಳು ಪ್ಲಾಸ್ಟಿಕ್ ಹಾಳೆ ಬಿಸಿ ಮಾಡಿ, ಡಾಕ್ಟರಮ್ಮನ ಬಾಯಿಯ ಅಚ್ಚಿನ ಮೇಲೆ, ಕೌಂಟರಿನ ಹುಡುಗಿಯ ಅಚ್ಚಿನ ಮೇಲೆ, ನನ್ನದರ ಮೇಲೆ ಎಳೆದು ಮೂರು ತಟ್ಟೆ ಮಾಡಿದೆ. ಪುಡಿ ಹಾಕಿ ಒಂದೊಂದೇ ಅಕ್ಷರ ಹೇಳಿದೆವು. ಹುಡುಗಿಗೂ ಹುಚ್ಚು ಹತ್ತಿತು, ಮನೆಗೆ ಹೋಗಲೊಲ್ಲಳು.

ತ ಎಂದರೆ ಮುಂದಿನ ಹಲ್ಲಿನ ಹಿಂದೆ ಕುದುರೆ ಲಾಳದ ಗುರುತು. ಟ ಎಂದರೆ ಮೇಲೆ ಗುಡ್ಡದ ನೆತ್ತಿಯಲ್ಲಿ ಒಂದು ಹೆಜ್ಜೆ. ಳ ಎನ್ನುವಾಗ ಡಾಕ್ಟರಮ್ಮನ ನಾಲಿಗೆ ಸುರುಳಿ ಸುತ್ತಿ ಎಷ್ಟು ಹಿಂದೆ ಹೋಗುತ್ತದೆಂದರೆ, ಅಲ್ಲಿಗೆ ಬೆರಳು ಹಾಕಿದರೆ ವಾಂತಿ ಬಂದೀತು. ಹುಡುಗಿಯ ನಾಲಿಗೆ ಅದರ ಅರ್ಧ ದಾರಿಯಲ್ಲೇ ತಟ್ಟಿ ಮರಳುತ್ತದೆ. ಕಿವಿಗೆ ಎರಡೂ ಒಂದೇ ಳ! ಒಂದೇ ಮನೆಗೆ ಇಬ್ಬರೂ ಬೇರೆ ಬೇರೆ ಬೀದಿಯಿಂದ ಬರುತ್ತಾರೆ, ಬೇರೆ ಬೀದಿ ಇದೆಯೆಂಬುದೇ ಇಬ್ಬರಿಗೂ ಗೊತ್ತಿಲ್ಲ. ಕತ್ತಲೆಯೊಳಗೆ, ಕಣ್ಣಿಲ್ಲದ ಒಂದು ಮಾಂಸದ ತುಂಡು, ಮಾತಿನ ಆ ವೇಗದಲ್ಲಿ, ಕೂದಲೆಳೆಯಷ್ಟು ತಪ್ಪದೆ ಓಡಾಡುತ್ತಿದೆ. ಇಷ್ಟು ವರ್ಷ ಅದರ ಆಟದ ಬಯಲನ್ನು ಪಾಲಿಶ್ ಮಾಡಿಕೊಟ್ಟವಳು ನಾನು, ಆಟವನ್ನು ಇವತ್ತೇ ನೋಡಿದ್ದು.

ಕೊನೆಗೆ ಇಬ್ಬರೂ ಹೋದ ಮೇಲೆ ಬಾಗಿಲು ಹಾಕಿಕೊಂಡು, ನನ್ನ ತಟ್ಟೆಗೆ ಪುಡಿ ಹಾಕಿ, ಹ ಎನ್ನಲು ನೋಡಿದೆ. ಎದೆಯಿಂದ ಉಸಿರು ತಳ್ಳಿ, ಹೇಗೋ ಒಂದು ಬಂತು. ತೆಗೆದು ನೋಡಿದೆ. ಪುಡಿ ಹಾಕಿದ ಹಾಗೇ ಇತ್ತು. ಹಕಾರ ಎಲ್ಲಿಯೂ ತಾಗುವುದೇ ಇಲ್ಲ. ಗುರುತೇ ಬಿಡುವುದಿಲ್ಲ. ಇಷ್ಟೆಲ್ಲ ನಗಿಸಿಕೊಂಡದ್ದು ಬರೀ ಉಸಿರಿಗಾ?

ಜೂನ್ ೩೦, ಬುಧವಾರ

ಅಂಗುಳದ ದಪ್ಪ ಇಳಿಸಿದೆವು. ಏನೂ ಪ್ರಯೋಜನವಾಗಲಿಲ್ಲ. ನಿನ್ನೆ ಸಂಜೆ ಕಲ್ಲು ಮೇಷ್ಟ್ರು ಹೆಂಡತಿಯನ್ನು ಹುಡುಕಿಕೊಂಡು ಒಬ್ಬರೇ ರಸ್ತೆಗೆ ಇಳಿದಿದ್ದರಂತೆ. ಬಸ್ಸಿನವನು ಬ್ರೇಕ್ ಹಾಕಿದ್ದಕ್ಕೆ ಉಳಿದರು. ಹೆಂಡತಿ ಓಡಿ ಹೋಗಿ ತೋಳು ಹಿಡಿದರೆ, ‘ತಾವು ಬಿಡಿ. ನನ್ನ ಹೆಂಡ್ತಿ ಇನ್ನೂ ಮನೆಗೆ ಬಂದಿಲ್ಲ’ ಎಂದರಂತೆ.

ಹೊಲಿಗೆಯಮ್ಮ ಹಲ್ಲು ಬಿಚ್ಚಿಟ್ಟೂ ನೋಡಿದ್ದಾರೆ. ಬೊಚ್ಚುಬಾಯಿಯ ದನಿಯೂ ಅವರಿಗೆ ಪರಿಚಯವಿಲ್ಲ.

ಇವತ್ತು ಬಿಸಿ ಮೇಣ ತಾಗಿ ಬೆರಳು ಸುಟ್ಟು ಉಬ್ಬಿದೆ. ಗಮನ ನೆಟ್ಟಗಿರಲಿಲ್ಲ.

ಜುಲೈ ೩, ಶನಿವಾರ

ಎಲ್ಲಿಂದ ಶುರು ಮಾಡಲಿ!

ಮನೆಯಲ್ಲಿ ಬಿಟ್ಟು ಬರಲು ಹೆದರಿ ಹೊಲಿಗೆಯಮ್ಮ ಮೇಷ್ಟ್ರನ್ನೂ ಕರೆದುಕೊಂಡು ಬಂದಿದ್ದರು. ಎತ್ತರದ ಆಳು. ಶರ್ಟಿನ ಗುಂಡಿ ಕತ್ತಿನವರೆಗೂ ಹಾಕಿದ್ದಾರೆ. ಮಗಳಿಗೆ ಅರ್ಧ ದಿನ ಶಾಲೆ, ಅವಳೂ ನನ್ನ ಲ್ಯಾಬಿನಲ್ಲೇ ಇದ್ದಳು. ಹೊಲಿಗೆಯಮ್ಮ ಕುರ್ಚಿಯ ಮೇಲೆ ಡಾಕ್ಟರಮ್ಮನ ಕೈಗೆ ಸಿಕ್ಕಿಕೊಂಡಿದ್ದರಿಂದ ಮೇಷ್ಟ್ರನ್ನು ನನ್ನ ಮೇಜಿನ ಪಕ್ಕ ಕೂರಿಸಿದರು. ಅವರ ಕೈ ಸುಮ್ಮನಿರದೆ ಮೇಜಿನ ಮೇಲಿದ್ದ ಅಚ್ಚೊಂದನ್ನು ಎತ್ತಿಕೊಂಡಿತು. ಹೆಬ್ಬೆರಳು ಅದರ ಗೆರೆಗಳ ಮೇಲೆ ಓದುತ್ತ ಹೋಯಿತು.

‘ಇದೇನು ಕಲ್ಲು? ಬರಹ ಸವೆದುಹೋಗಿದೆ.’

ಉತ್ತರ ಕೊಡಲೇಬೇಕಾಯಿತು. ‘ಕಲ್ಲಲ್ಲ ಮೇಷ್ಟ್ರೇ. ಪ್ಲಾಸ್ಟರು. ಬಾಯಿಯ ಅಚ್ಚು. ನಾನು...’ ದಾರಿ ಹುಡುಕಿದೆ, ಸಿಗಲಿಲ್ಲ. ‘ನಾನು ಅಲ್ಲು ಕಟ್ಟೋಳು.’

ಅವರ ತಲೆ ಸರಕ್ಕನೆ ನನ್ನತ್ತ ತಿರುಗಿತು. ‘ಏನಂದೆ? ಇನ್ನೊಂದ್ಸಲ ಅನ್ನು.’

ಮಗಳು ಕಾಲ್ಬೆರಳು ನೋಡುತ್ತಿದ್ದಳು. ಜೀವ ಬಾಯಿಗೆ ಬಂತು. ‘ಅಲ್ಲು’ ಎಂದೆ.

‘ಆಹಾ!’ ಎಂದರು ಮೇಷ್ಟ್ರು. ಬಹಳ ದಿನದಿಂದ ಕಳೆದಿದ್ದ ವಸ್ತು ಜೇಬಿನಲ್ಲೇ ಸಿಕ್ಕವರಂತೆ. ‘ನೋಡಮ್ಮ, ಸಾವಿರ ವರ್ಷದ ಹಿಂದಿನ ಕಲ್ಲಿಗೆ ಹೋಗಿ ಹಲ್ಲು ಎಲ್ಲಿ ಅಂತ ಕೇಳು. ಇಲ್ಲ ಅನ್ನುತ್ತೆ. ಅಲ್ಲಿರೋದು ‘ಪಲ್’. ಹಾಲಿಲ್ಲ, ‘ಪಾಲ್’ ಇದೆ. ಹುಲಿ ಇಲ್ಲ, ‘ಪುಲಿ’ ಇದೆ. ಎರಡೂ ತುಟಿ ಸೇರಿಸಿ ಗಟ್ಟಿಯಾಗಿ ಪ ಅಂತಿದ್ರು. ಬರ್ತಾ ಬರ್ತಾ ತುಟಿ ಸೋಮಾರಿ ಆಯ್ತು. ಸೇರೋದು ಬಿಡ್ತು. ಬರೀ ಉಸಿರು ಉಳೀತು. ಅದೇ ಹ. ಮೊದಲು ಹ ಅಂದೋನನ್ನ ನೋಡಿ ಪ ಅನ್ನೋರೆಲ್ಲ ಬಿದ್ದು ಬಿದ್ದು ನಕ್ಕಿರ್ತಾರೆ, ಗೊತ್ತಾ?’

ನಾನು ತುಟಿ ಸೇರಿಸಿ ಮೆಲ್ಲಗೆ ‘ಪಲ್’ ಎಂದು ನೋಡಿದೆ.

‘ಈಗ ನಿನ್ನ ಬಾಯಲ್ಲಿ ಆ ಉಸಿರೂ ಕರಗಿದೆ. ಅದೇ ದಾರೀಲಿ ನೀನು ಒಂದು ಹೆಜ್ಜೆ ಮುಂದೆ ನಿಂತಿದ್ದೀಯ. ನಾನು ಕೈಯಲ್ಲಿ ಸವರಿದ್ದೆಲ್ಲ ಹಳೇ ಕಲ್ಲು. ನೀನು ಇನ್ನೂ ಕೆತ್ತದೇ ಇರೋ ಕಲ್ಲಮ್ಮ.’

ನನ್ನ ಅಮ್ಮ, ಅಜ್ಜಿ, ನಮ್ಮ ಕೇರಿಯ ಅಷ್ಟೂ ಜನ ಒಟ್ಟಿಗೆ ಒಂದು ದೊಡ್ಡ ನದಿಯಲ್ಲಿ ನಿಂತಿರುವಂತೆ, ನೀರು ಎಲ್ಲರ ಬಾಯಿಯ ಮೂಲಕ ಹರಿದು ಹೋಗುತ್ತಿರುವಂತೆ ಅನಿಸಿತು. ಮಗಳು ‘ಹೂವಿಗೆ ಏನಂತಿದ್ರು ತಾತ?’ ಎಂದು ಕೇಳಿದಳು. ‘ಪೂ’ ಎಂದರು. ‘ಹೆಸರಿಗೆ?’ ‘ಪೆಸರ್.’ ಅವಳಿಗೆ ಆಟ ಸಿಕ್ಕಿತು.

ಆಗಲೇ ಇನ್ನೊಂದು ನಡೆಯಿತು. ಹೊಲಿಗೆಯಮ್ಮನ ಚೀಲದಲ್ಲಿದ್ದ ಫೋನು ಬಡಿದುಕೊಂಡಿತು. ಅವರ ಬಾಯಲ್ಲಿ ಪುಡಿ. ನನಗೆ ಸನ್ನೆ ಮಾಡಿದರು. ನಾನು ಎತ್ತಿ, ಅವರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ‘ಸರಿ ಹೋಯ್ತೇನೇ ಅಕ್ಕ? ಸುಸ್ತಾಗಿದೆಯಾ?’ ಎಂದಿತು ತಂಗಿಯ ದನಿ. ಅಕ್ಕನ ದನಿಗಿಂತ ತೆಳು, ಚೂಪು. ದನಿಯಲ್ಲಿ ಏನೂ ಹೋಲಿಕೆಯಿಲ್ಲ, ಸಕಾರ ಮಾತ್ರ ಒದ್ದೆಯೊದ್ದೆ.

ಮೇಷ್ಟ್ರು ಎದ್ದೇಬಿಟ್ಟರು. ಎರಡೂ ಕೈ ಮುಂದೆ ಚಾಚಿ, ‘ಏ ಸೂಜಿ! ಬಂದ್ಯಾ?’

ಹೊಲಿಗೆಯಮ್ಮ ಕುರ್ಚಿಯಿಂದ ಅವರನ್ನೇ ನೋಡುತ್ತಿದ್ದರು. ನನಗೆ ಆ ಕ್ಷಣ ತಲೆಯೊಳಗೆ ದೀಪ ಹತ್ತಿತು. ಅವರು ಗುರುತು ಹಿಡಿಯುವುದು ದನಿಯನ್ನಲ್ಲ, ಒದ್ದೆ ಬಟ್ಟೆಯಂಥ ಆ ಸಕಾರವನ್ನು. ಹಲ್ಲು ಕೀಳಿಸಿದ ಮೇಲೂ ತಂಗಿ ಮನೆಯಲ್ಲಿದ್ದಷ್ಟು ದಿನ ಚೆನ್ನಾಗಿದ್ದದ್ದು ಅದಕ್ಕೇ.

‘ಡಾಕ್ಟ್ರೇ, ಅವರ ತಂಗೀನ ಕರೆಸೋಣ’ ಎಂದೆ. ‘ಅವರ ಅಲ್ಲೆಲ್ಲ ಇನ್ನೂ ಅಂಗೇ ಇವೆ ಅಲ್ವಾ?’

ಜುಲೈ ೧೦, ಶನಿವಾರ

ತಂಗಿ ಬಂದರು. ಅಕ್ಕನಿಗಿಂತ ಎರಡು ವರ್ಷ ಚಿಕ್ಕವರು. ಬಾಯಿ ತುಂಬ ಸ್ವಂತ ಹಲ್ಲು, ಬಾಯಿ ತುಂಬ ಮಾತು. ಬೆಳಿಗ್ಗೆ ಅಳತೆ ತೆಗೆದು, ಮಧ್ಯಾಹ್ನಕ್ಕೆ ತಟ್ಟೆ ಮಾಡಿ, ಪುಡಿ ಹಾಕಿ ಬಾಯಿಗಿಟ್ಟು, ‘ಈಗ ಸ ಅಂತ ಏಳಿ’ ಎಂದೆ. ಆ ತಾಯಿ ಎದ್ದು ನಿಂತುಬಿಟ್ಟರು! ಕೌಂಟರಿನ ಹುಡುಗಿ ಗೋಡೆ ಹಿಡಿದುಕೊಂಡು ನಕ್ಕಳು. ನಾನು ನಕ್ಕು ನಕ್ಕು ಪುಡಿಯ ಡಬ್ಬಿ ಚೆಲ್ಲಿದೆ. ಮತ್ತೆ ಮೊದಲಿನಿಂದ.

ಗುರುತು ನೋಡಿದಾಗ ನಗು ನಿಂತಿತು. ಮುಂದೆ ಕಿರಿದಾದ ಓಣಿಯೇ ಇಲ್ಲ. ಅದು ಅಗಲವಾಗಿ, ಬೆರಳಿನಷ್ಟು ಹಿಂದೆ ಸರಿದು, ಬಲಕ್ಕೆ ಓರೆಯಾಗಿ ಹರಿದಿದೆ. ನಾಲಿಗೆಯ ತುದಿ ಮೇಲೆ ಬಂದೇ ಇಲ್ಲ, ಕೆಳಗಿನ ಹಲ್ಲಿನ ಹಿಂದೆ ಮಲಗಿದೆ. ಡಾಕ್ಟರಮ್ಮ ಅಕ್ಕನ ಹಳೆಯ ಅಚ್ಚನ್ನು, ಹಲ್ಲು ಕೀಳುವ ಮುಂಚಿನದನ್ನು, ಕಪಾಟಿನಿಂದ ತೆಗೆಸಿ ಪಕ್ಕಕ್ಕಿಟ್ಟರು. ಅಂಗುಳದ ಏರಿಳಿತ ಎರಡರಲ್ಲೂ ಬೇರೆ. ಹಾಗಾದರೆ ಇದು ಬಾಯಿಯ ಆಕಾರದಿಂದ ಬಂದದ್ದಲ್ಲ. ಕಲಿತದ್ದು.

‘ನಿಮ್ಮ ತಾಯಿ ಸ ಹೇಗೆ ಅಂತಿದ್ರು?’ ಎಂದರು ಡಾಕ್ಟರಮ್ಮ.

ಅಕ್ಕತಂಗಿ ಮುಖ ಮುಖ ನೋಡಿಕೊಂಡರು. ತಂಗಿ ಹೇಳಿದರು: ‘ನಮ್ಮಮ್ಮನೂ ಹೊಲಿಗೆ ಕೆಲಸದೋಳೇ ಅಲ್ವಾ? ಎದ್ದಾಗಿಂದ ಮಲಗೋವರೆಗೂ ಬಾಯಲ್ಲಿ ಗುಂಡುಸೂಜಿ. ಎಡಗಡೆ ತುಟಿ ಸಂದೀಲಿ ಸಾಲಾಗಿ ಕಚ್ಕೊಂಡಿರೋಳು. ನಮ್ಮನ್ನ ಬೈಯೋದೂ ಹಾಗೇ, ಕಥೆ ಹೇಳೋದೂ ಹಾಗೇ.’

ಹೊಲಿಗೆಯಮ್ಮ ಬಾಯಿಯ ಎಡಗಡೆ ಬೆರಳು ಇಟ್ಟುಕೊಂಡರು. ಸೂಜಿ ಇದ್ದಂತೆ ತುಟಿ ಬಿಗಿದು, ಮೆಲ್ಲಗೆ ‘ಸ’ ಎಂದರು. ಆ ಓರೆ ಗಾಳಿ ಬಲಗಡೆಯಿಂದ ಬಂತು.

ನಾಲಿಗೆಗೆ ಸೂಜಿ ಚುಚ್ಚಬಾರದೆಂದು ಒಬ್ಬ ಹೆಂಗಸು ಅದನ್ನು ತಗ್ಗಿಸಿಟ್ಟುಕೊಂಡು, ಗಾಳಿಯನ್ನು ಬಲಕ್ಕೆ ತಿರುಗಿಸಿ ಮಾತಾಡಿದಳು. ತೊಡೆಯ ಮೇಲಿನ ಮಕ್ಕಳು ಲೋಕದಲ್ಲಿ ಸಕಾರವೆಂದರೆ ಇದೇ ಎಂದುಕೊಂಡರು. ಆಕೆ ತೀರಿಕೊಂಡು ಮೂವತ್ತು ವರ್ಷವಾಗಿದೆಯಂತೆ. ಆಕೆಯ ಸೂಜಿಗಳು ಎಲ್ಲಿ ಉದುರಿ ತುಕ್ಕು ಹಿಡಿದವೋ. ಆದರೆ ಅವು ನಾಲಿಗೆಗೆ ತೋರಿಸಿದ ದಾರಿ ಇವತ್ತು ಮಧ್ಯಾಹ್ನ ನನ್ನ ಅಂಗೈ ಮೇಲೆ, ಬಿಳಿ ಪುಡಿಯ ನಡುವೆ, ಇನ್ನೂ ಒದ್ದೆಯಾಗಿತ್ತು. ಆ ತಟ್ಟೆಯನ್ನು ಕೆಳಗಿಡಲು ನನಗೆ ಮನಸ್ಸೇ ಬರಲಿಲ್ಲ.

ಜುಲೈ ೧೪, ಬುಧವಾರ

ತುಟಿ ಬಿಗಿದು ಒಂದು ಸ ಎನ್ನಬಹುದು, ಮಾತಿನ ಓಟದಲ್ಲಿ ಮೊದಲ ಸೆಟ್ಟು ನಾಲಿಗೆಯನ್ನು ಮತ್ತೆ ನೇರ ಓಣಿಗೇ ತರುತ್ತದೆ. ಅದನ್ನು ಮುಟ್ಟುವುದು ಬೇಡ, ಹೊಸದೇ ಮಾಡೋಣ ಎಂದರು ಡಾಕ್ಟರಮ್ಮ. ಹಳೆಯ ಅಚ್ಚು ನೋಡಿಕೊಂಡು ಅಂಗುಳದ ಗೆರೆಗಳನ್ನು ಒಂದೊಂದಾಗಿ ಮೇಣದಲ್ಲಿ ಎಬ್ಬಿಸಿದೆ. ಬಲಗಡೆ ತುಸು ತೆಳುಮಾಡಿದೆ. ಮುಂದಿನ ಹಲ್ಲುಗಳನ್ನು ಅವರ ಸ್ವಂತ ಹಲ್ಲಿದ್ದ ಹಾಗೆ ಕೊಂಚ ಒಳಕ್ಕೆ ಬಾಗಿಸಿದೆ. ನೋಡಲು ಮೊದಲಿನಷ್ಟು ಚೆಂದವಿಲ್ಲ. ಕಲಿಸಿದ ಗುರುಗಳು ಕಂಡರೆ ಕಿವಿ ಹಿಂಡುತ್ತಾರೆ.

ಜುಲೈ ೧೭, ಶನಿವಾರ

ಸೆಟ್ ಹಾಕಿದ ಮೇಲೆ ಹೊಲಿಗೆಯಮ್ಮ ಮಾತಾಡಲೇ ಒಪ್ಪಲಿಲ್ಲ. ಮೊದಲ ಮಾತು ಮನೆಯ ಬಾಗಿಲಲ್ಲೇ ಆಗಬೇಕಂತೆ. ‘ಜೊತೆಗೆ ಬಾ’ ಎಂದು ಕೈಸನ್ನೆ ಮಾಡಿದರು. ಮಗಳನ್ನೂ ಕರೆದುಕೊಂಡು ಹೋದೆ.

ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಎರಡು ಮೆಷೀನು, ಗೋಡೆಗೆ ನೇತುಹಾಕಿದ ಕತ್ತರಿಗಳು, ಚಿಂದಿ ತುಂಬಿದ ಬುಟ್ಟಿ. ಒಳಗೆ ಕಿಟಕಿಯ ಪಕ್ಕ ಮೇಷ್ಟ್ರು ಕೂತು ತಟ್ಟೆಯಲ್ಲಿದ್ದ ಗುಂಡಿಗಳನ್ನು ಬೆರಳಿನಿಂದಲೇ ನೋಡಿ ಬೇರ್ಪಡಿಸುತ್ತಿದ್ದರು. ನಾಲ್ಕು ತೂತಿನವು ಒಂದು ಕಡೆ, ಎರಡು ತೂತಿನವು ಇನ್ನೊಂದು ಕಡೆ. ತಂಗಿ ಬಂದಾಗಿನಿಂದ ಮೇಷ್ಟ್ರ ಕಿವಿಗೆ ಬೀಳುವಂತೆ ಒಂದು ಮಾತೂ ಆಡಿರಲಿಲ್ಲವಂತೆ. ಒಳಗಿದ್ದವರು, ನಮ್ಮನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ದೂರ ಸರಿದರು.

ಹೊಲಿಗೆಯಮ್ಮ ಹೊಸ್ತಿಲಲ್ಲಿ ನಿಂತರು. ಬಾಗಿಲ ಚೌಕಟ್ಟು ಹಿಡಿದುಕೊಂಡರು. ಎರಡು ಸಲ ಬಾಯಿ ತೆರೆದು ಮುಚ್ಚಿದರು. ಆಮೇಲೆ,

‘ಸೂಜಿ ಬಂತು ಕಣ್ರೀ.’

ಒದ್ದೆಯಾಗಿ, ಓರೆಯಾಗಿ, ಬಲಗಡೆಯಿಂದ.

ಗುಂಡಿಗಳ ಮೇಲಿನ ಬೆರಳು ನಿಂತಿತು.

‘ಏ!’ ಎಂದರು ಮೇಷ್ಟ್ರು. ‘ಎಲ್ಲಿ ಹಾಳಾಗಿ ಹೋಗಿದ್ದೆಯೇ ಇಷ್ಟು ದಿನ? ಹೇಳದೆ ಕೇಳದೆ!’

‘ಅಂಗಡೀಲಿ ಕೆಲಸ ಜಾಸ್ತಿ ಇತ್ತು ರೀ.’

‘ಸುಡುಗಾಡು ಕೆಲಸ. ನಿನ್ನ ಹುಡುಕ್ಕೊಂಡು ರಸ್ತೆಗೆ ಹೋದೆ ನಾನು. ಯಾವನೋ ಬಸ್ಸಿನೋನು ಬೈದ. ಯಾರೋ ಒಬ್ರು ಹೆಂಗಸು ಬಂದು ಊಟ ಹಾಕ್ತಿದ್ರು. ಒಳ್ಳೆಯವ್ರೇ ಪಾಪ, ನಾನೇ ಅವರ ಮೇಲೆ ರೇಗಾಡಿಬಿಟ್ಟೆ.’ ಕೈ ಚಾಚಿದರು. ‘ಎಲ್ಲಿ, ಬಾ ಇಲ್ಲಿ. ನಿಂತ್ಕೊಂಡು ಏನ್ಮಾಡ್ತೀಯ?’

ಹೊಲಿಗೆಯಮ್ಮ ಹೋಗಿ ಆ ಕೈಯೊಳಗೆ ತಮ್ಮ ಕೈ ಇಟ್ಟರು. ಅವರು ಎಳೆದುಕೊಳ್ಳಲಿಲ್ಲ. ಹೆಬ್ಬೆರಳಿನಿಂದ ಅಂಗೈಯ ಗೆರೆಗಳನ್ನು ನಿಧಾನವಾಗಿ ಸವರುತ್ತ ಬೈಯುತ್ತಲೇ ಇದ್ದರು. ‘ಏನೇ, ನೀನು, ಕೇಳಿಸ್ತಾ’ ಎಂದು ಬೈಗುಳ ಬೀಳುತ್ತಲೇ ಇತ್ತು. ಒಂದು ‘ತಾವು’ ಇಲ್ಲ. ಅಷ್ಟು ಇಂಪಾದ ಬೈಗುಳ ನಾನು ಕೇಳಿಲ್ಲ.

ವಾಪಸ್ ಬರುವಾಗ ಮಗಳು ನನ್ನ ಕೈ ಹಿಡಿದುಕೊಂಡೇ ನಡೆದಳು. ನಡುವೆ ಒಮ್ಮೆ, ‘ಅಮ್ಮ, ನಾನು ಯಾವ ಅಕ್ಷರ ನಿನ್ನ ಥರ ಅಂತೀನಿ?’ ಎಂದು ಕೇಳಿದಳು. ಗೊತ್ತಿಲ್ಲ, ಪುಡಿ ಹಾಕಿ ನೋಡೋಣ ಎಂದೆ.

ಜುಲೈ ೩೧, ಶನಿವಾರ

ಬೆಳಿಗ್ಗೆ ಮಗಳ ಶಾಲೆಯಲ್ಲಿ ಅಚ್ಚು, ತಟ್ಟೆ, ಪುಡಿ ತೋರಿಸಿ ಮಾತಾಡುವುದಿತ್ತು. ಹೋದ ವಾರ ಮೀಟಿಂಗಿನಲ್ಲಿ ನಾನು ಹೇಳಿದ್ದನ್ನು ಕೇಳಿ ಅವಳ ಟೀಚರೇ ಕರೆಸಿದ್ದು. ಮಕ್ಕಳ ಪ್ರಶ್ನೆ ಮುಗಿಯಲೊಲ್ಲದೆ ಕ್ಲಿನಿಕ್ಕಿಗೆ ತಡವಾಯಿತು. ಪುಡಿ ತಂದಿಟ್ಟುಕೊಳ್ಳಬೇಕು.

ಬಂದಾಗ ಹೊಲಿಗೆಯಮ್ಮ ನನ್ನ ಮೇಜಿನ ಮುಂದೆ ಕೂತಿದ್ದರು. ಮೊದಲ ಸೆಟ್ಟು, ಆ ಗರಿಗರಿ ಸಕಾರದ್ದು, ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ‘ಇದಕ್ಕೊಂಚೂರು ಪಾಲಿಶ್ ಮಾಡಿಕೊಡು.’

‘ಇದ್ಯಾಕೆ? ಅದು ಚುಚ್ಚುತ್ತಾ? ಏಳಿ, ಸರಿ ಮಾಡ್ತೀನಿ.’

‘ಅದು ಚೆನ್ನಾಗಿದೆ ಕಣೇ. ಇದೂ ಬೇಕಾಗುತ್ತೆ.’ ಅವರು ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ‘ಆವತ್ತಿಂದ ಒಂದೇ ರಾಗ. ಆ ಹೆಂಗಸು ಬರಲೇ ಇಲ್ವಲ್ಲ, ನಾನು ಅವರಿಗೆ ಒಂದು ಒಳ್ಳೆ ಮಾತೂ ಆಡ್ಲಿಲ್ಲ ಅಂತ. ಊಟ ಸೇರಲ್ಲ ಅಂದ್ರು. ಇನ್ನೇನು ಮಾಡ್ಲಿ? ನಿನ್ನೆ ಸಾಯಂಕಾಲ ‘ಅಂಗಡಿಗೆ ಹೋಗಿಬರ್ತೀನಿ’ ಅಂತ ಹೇಳಿ ಹೊರಗೆ ಬಂದು, ಆ ಸೆಟ್ ತೆಗೆದು ಈ ಸೆಟ್ ಹಾಕ್ಕೊಂಡು, ಬಾಗಿಲು ತಟ್ಟಿದೆ.’

‘ಅಯ್ಯೋ!’

‘‘ನಮಸ್ಕಾರ ಸಾರ್’ ಅಂದೆ. ಎದ್ದು ನಿಂತ್ರು. ‘ತಾವು ಬಂದ್ರಾ? ಕೂತ್ಕೊಳ್ಳಿ’ ಅಂದ್ರು. ಕೂತೆ. ನಮ್ಮನೇಲೇ, ನಾನೇ ಕವರು ಹೊಲಿದ ಕುರ್ಚಿ ಮೇಲೆ, ನೆಂಟರ ಥರ. ‘ನಾನು ತಮ್ಮ ಮೇಲೆ ರೇಗಿದೆ, ಬೇಜಾರು ಮಾಡ್ಕೋಬೇಡಿ. ಆಗ ನನ್ನ ಹೆಂಡ್ತಿ ಇರಲಿಲ್ಲ, ನನಗೆ ದಿಕ್ಕು ತೋಚ್ತಿರಲಿಲ್ಲ’ ಅಂದ್ರು.’

ನಾನು ಪಾಲಿಶ್ ಮಾಡುತ್ತಿದ್ದ ಮೋಟಾರು ಆರಿಸಿದೆ.

‘ಆಮೇಲೆ ಸ್ವಲ್ಪ ಮುಂದಕ್ಕೆ ಬಗ್ಗಿ, ಬಾಗಿಲ ಕಡೆ ಕಿವಿ ಕೊಟ್ಟು ನೋಡಿ, ದನಿ ತಗ್ಗಿಸಿ ಹೇಳ್ತಾರೆ: ‘ಕಣ್ಣು ಹೋದ ಮೇಲೆ ನನಗೆ ಏನೂ ಕಾಣಲ್ಲ ಅಂತ ಎಲ್ರೂ ಅಂದ್ಕೊಂಡಿದ್ದಾರೆ. ಅವಳು ಬಾಗಿಲಲ್ಲಿ ನಿಂತು ಒಂದು ಮಾತಾಡಿದ್ರೆ ಸಾಕು, ನನಗೆ ಮನೆ ಪೂರ್ತಿ ಕಾಣುತ್ತೆ. ಗೋಡೆ, ಕಿಟಕಿ, ಎಲ್ಲ. ಇದನ್ನ ಅವಳ ಮುಂದೆ ಹೇಳ್ಬೇಡಿ ತಾಯಿ, ತಲೆ ಮೇಲೆ ಕೂತ್ಕೋತಾಳೆ.’’

ಹೊಲಿಗೆಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ‘ಇಷ್ಟು ವರ್ಷದಲ್ಲಿ ನನ್ನ ಮುಂದೆ ಒಂದು ದಿನ ಬಾಯಿ ಬಿಟ್ಟಿದ್ರೆ ಕೇಳು.’

‘ನೀವೇನಂದ್ರಿ?’

‘ಏನಂತೀನಿ? ‘ಸರಿ ಸಾರ್, ಹೇಳಲ್ಲ’ ಅಂದೆ.’